ಹಾಲು ಉಕ್ಕುವ ಮೊದಲೇ ಮೀನು ಒಕ್ಕಲಾದ ಮನೆ

ಆ ಕಾಲದಲ್ಲಿ ಮೇ ತಿಂಗಳು ಬಂತೆಂದರೆ ಹೆಮ್ಮಾಡಿಯ ಗಾಳಿಗೇ ಒಂದು ವಾಸನೆ ಇರುತ್ತಿತ್ತು. ಬಿದ್ದು ಹುಳಿಯಾದ ಗೇರುಹಣ್ಣು, ಬಿಸಿಲಿಗೆ ಕಾದ ಮರಳು, ಹಳೇ ಬಲೆ, ಅದರ ಮೇಲೆ ಒಣಗುವ ಚಟ್ಲಿ, ಎಲ್ಲವೂ ಸೇರಿದ ವಾಸನೆ. ಚಟ್ಲಿ ಎಂದರೆ ನಮ್ಮ ಕಡೆ ಸಿಗಡಿ. ನಮ್ಮ ಊರಲ್ಲಿ ಬೆಳೆದವರಿಗೆ ಈಗಲೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಡಿದರೆ ಮೊದಲು ಹಸಿವಾಗುತ್ತದೆ, ಆಮೇಲೆ ಮನೆ ನೆನಪಾಗುತ್ತದೆ. ನನಗೆ ಎರಡೂ ಒಟ್ಟಿಗೇ ಆಗುತ್ತವೆ. ಯಾಕೆಂದರೆ ನಮ್ಮ ಮನೆ ಬಂದದ್ದೇ ಆ ವಾಸನೆಯಿಂದ.

ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವಳ ಬಗ್ಗೆ ಬರೆಯೋಣವೆಂದು ಕೂತರೆ ಆಸ್ಪತ್ರೆಯ ದಿನಗಳೇ ಮುಂದೆ ಬಂದು ನಿಲ್ಲುತ್ತವೆ. ಅವನ್ನು ಸ್ವಲ್ಪ ಬದಿಗೆ ಸರಿಸಿ, ಆ ಒಂದು ಬೇಸಿಗೆಯನ್ನು ಬರೆಯುತ್ತೇನೆ. ಅಮ್ಮ ನನಗೆ ಚೆನ್ನಾಗಿ ಕಾಣಿಸುವುದು ಅಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹಿಡಿಸೂಡಿ ಪೊರಕೆ ಹಿಡಿದು, ಆಕಾಶಕ್ಕೂ ಕಾಗೆಗೂ ಒಟ್ಟಿಗೇ ಬೈಯುತ್ತಾ.

ಆಗ ನಾವು ಇದ್ದದ್ದು ಬಾಡಿಗೆ ಬಿಡಾರದಲ್ಲಿ. ಉದ್ದಕ್ಕೆ ಒಂದೇ ಮಾಡು, ಅದರ ಕೆಳಗೆ ಸಾಲಾಗಿ ಕೋಣೆಗಳು, ಎಲ್ಲರಿಗೂ ಸೇರಿ ಒಂದು ಬಾವಿ, ಒಂದು ಪಂಪು. ಅಪ್ಪಯ್ಯ ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುತ್ತಿದ್ದರು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಬಂದರಿಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು, ವಂಡ್ಸೆ, ಕೆರಾಡಿ ಕಡೆಗೆ ಮಾರಲು ಹೋಗುತ್ತಿದ್ದಳು. ನಾನು ಮತ್ತು ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ವನಜ ಶಾಲೆಗೆ ಹೋಗುತ್ತಿದ್ದೆವು. ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ, ಪುಸ್ತಕ, ಮೀನಿನ ಬುಟ್ಟಿ ಎಲ್ಲ.

ಸ್ವಂತ ಮನೆ ಬೇಕು ಎಂಬುದು ನಮ್ಮಲ್ಲಿ ಊಟದ ಹೊತ್ತಿನ ಮಾತಾಗಿತ್ತು. ಅಮ್ಮ ಚೀಟಿ ಕಟ್ಟುತ್ತಿದ್ದಳು. ಅಪ್ಪಯ್ಯ ಬೀಡಿ ಬಿಟ್ಟಿದ್ದರು. ಚಹಾಕ್ಕೆ ಹಾಲು ಹಾಕುವುದು ಅಪ್ಪಯ್ಯ ಬೋಟಿನಿಂದ ಬಂದ ದಿನ ಮಾತ್ರ. ಆದರೂ ನಾವು ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕಿ ಎರಡು ಮೆಟ್ಟಿಲು ಹತ್ತಿರುತ್ತಿತ್ತು. ಸೀಮೆಎಣ್ಣೆ, ಬಸ್ಸಿನ ಟಿಕೇಟು, ಬೇಳೆ, ಶಾಲೆಯ ಬೂಟು, ಒಂದಾದ ಮೇಲೆ ಒಂದು. ಕೊನೆಗೆ ಬಾಡಿಗೆ.

"ಕಾಣ್ ಗಿರಿಜ, ಕರೆಂಟ್ ಬಿಲ್ ಮೇಲ್ ಹೋಯ್ತ್. ಪಂಪ್ ಹಾಳಾಯ್ತ್. ನಾ ಎಂತ ಮಾಡುದ್ ಹೇಳ್? ಇನ್ನ್ ಮೇಲೆ ಬಾಡ್ಗಿ ಒಂಚೂರ್ ಹೆಚ್ಚ್ ಮಾಡ್ಕ್" ಎಂದು ಬಿಡಾರದ ಯಜಮಾನರು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

ಅಮ್ಮ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ. "ಪಂಪ್ ಹಾಳಾದ್ದಕ್ಕೆ ನೀರ್ ಇಲ್ಲೆ. ನೀರ್ ಇಲ್ದಿದ್ದಕ್ಕೆ ಬಾಡ್ಗಿ ಕಮ್ಮಿ ಮಾಡ್ಕಲ್ದಾ ಅಣ್ಣ?"

ಯಜಮಾನರು ನಕ್ಕರು. ಬಾಡಿಗೆ ಮಾತ್ರ ಏರಿತು.

ಅದೇ ಬೇಸಿಗೆಯಲ್ಲಿ ಪದ್ದಕ್ಕನ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಬಂದದ್ದು. ಪದ್ದಕ್ಕ ಅಮ್ಮನ ಹಳೇ ಗಿರಾಕಿ. ಗಂಡ ಇಲ್ಲ. ಇದ್ದೊಬ್ಬ ಮಗಳು ಶಿವಮೊಗ್ಗದಲ್ಲಿ, ಅವಳಿಗೆ ಎರಡನೇ ಬಾಣಂತನ. ಇನ್ನು ಅಲ್ಲೇ ಇರುತ್ತೇನೆ ಎಂದು ಪದ್ದಕ್ಕ ತೀರ್ಮಾನಿಸಿದ್ದರು. ನಮ್ಮ ಬಿಡಾರದಿಂದ ಕೂಗಳತೆಯಲ್ಲೇ ಹೆಂಚಿನ ಸಣ್ಣ ಮನೆ. ಮುಂದೆ ಜಗಲಿ, ಒಳಗೆ ಚಾವಡಿ, ಎರಡು ಕೋಣೆ, ಪುಟ್ಟ ದೇವರ ಕೋಣೆ, ಹೊಗೆ ಹಿಡಿದ ಅಡುಗೆಮನೆ, ಅದರ ಮೇಲೆ ಅಟ್ಟ, ಹಿಂದೆ ಬಾವಿ. ಮನೆಗಿಂತ ಅಂಗಳ ದೊಡ್ಡದು.

ಅಮ್ಮ ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ, ನುಗ್ಗೆಕಾಯಿ ಕೇಳಿದಷ್ಟು ಸುಲಭವಾಗಿ ಕೇಳಿದಳು. "ಕೊಡುದಾರೆ ನಂಗೆ ಕೊಡಿ ಪದ್ದಕ್ಕ."

"ನಿಂಗಾ?" ಪದ್ದಕ್ಕ ಕನ್ನಡಕ ಸರಿಮಾಡಿಕೊಂಡರು. "ಕೊಡುವ. ಆದ್ರೆ ಬೊಂಬಾಯಿ ಶೀನನೂ ಕೇಂಡಿದ. ಪೂರಾ ದುಡ್ಡ್ ಒಂದೇ ಸಲ ಕೊಡ್ತೆ ಅಂದಿದ. ನೀ ಮಳಿ ಹಿಡುಕ್ ಮುಂಚೆ ಅಡ್ವಾನ್ಸ್ ತಂದ್ ಕೊಟ್ರೆ ಮನಿ ನಿಂದ್. ಇಲ್ದಿರೆ ಅವನದ್ದ್. ಆಮೇಲೆ ನನ್ನ ಬೈಯ್ಬೇಡ."

ಶೀನಣ್ಣ ನಮ್ಮೂರವರೇ. ಬೊಂಬಾಯಿಯಲ್ಲಿ ಕ್ಯಾಂಟೀನು ಇಟ್ಟುಕೊಂಡಿದ್ದರು. ಹೆದ್ದಾರಿಗೆ ಹತ್ತಿರದ ಜಾಗ, ಮುಂದೆ ರೇಟು ಬರುತ್ತದೆ ಎಂದು ಅವರ ಲೆಕ್ಕ.

ಉಳಿದ ಹಣಕ್ಕೆ ಸೊಸೈಟಿಯಲ್ಲಿ ಸಾಲ ಕೇಳಬಹುದಿತ್ತು. ಬೋಟಿನ ಯಜಮಾನರು ಜಾಮೀನು ನಿಲ್ಲುತ್ತೇನೆ ಎಂದಿದ್ದರು. ಆದರೆ ಮುಂಗಡ ನಮ್ಮ ಕೈಯಿಂದಲೇ ಆಗಬೇಕು. ನಮ್ಮಲ್ಲಿ ಇದ್ದದ್ದು ಅದರ ಅರ್ಧ. ಮಳೆಗೆ ಉಳಿದದ್ದು ಒಂದು ತಿಂಗಳು. ಮಳೆ ಹಿಡಿದರೆ ಬೋಟು ದಡಕ್ಕೆ, ಅಪ್ಪಯ್ಯ ಮನೆಗೆ, ಸಂಪಾದನೆ ಸೊನ್ನೆಗೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹೇಳಿದಳು, "ನಾವ್ ಮೀನ್ ಒಣ್ಗ್ಸುವ."

ಅದರಲ್ಲಿ ಹೊಸತೇನೂ ಇರಲಿಲ್ಲ. ಮಳೆಗಾಲದಲ್ಲಿ ಕಡಲಿಗೆ ಇಳಿಯುವವರಿಲ್ಲ. ಕೆರಾಡಿ, ಕೊಕ್ಕರ್ಣೆಯಂಥ ಒಳನಾಡಿನವರು ಆ ಎರಡು ತಿಂಗಳು ಗಂಜಿಗೆ ನಂಜಿಕೊಳ್ಳಲು ಒಣಮೀನು ಕೂಡಿಡುತ್ತಾರೆ. ಮೇ ತಿಂಗಳಲ್ಲಿ ಒಮ್ಮೊಮ್ಮೆ ಬೈಗೆ ಮೀನು, ಚಟ್ಲಿ ರಾಶಿ ರಾಶಿ ಬಿದ್ದು ಕೇಳುವವರಿಲ್ಲದಾಗ ಕೊಂಡು ಒಣಗಿಸಿದರೆ ಲಾಭವಿದೆ ಎಂಬುದು ಬಂದರಿನ ಹೆಂಗಸರಿಗೆಲ್ಲ ಗೊತ್ತು. ಬೇಕಾದದ್ದು ಮೂರು. ಕೈಯಲ್ಲಿ ಹಣ, ಹರಡಲು ಜಾಗ, ತಲೆಯ ಮೇಲೆ ಬಿಸಿಲು. ಅಮ್ಮನ ಯೋಚನೆಯಲ್ಲಿ ಹೊಸತು ಇದ್ದದ್ದು ಹಣದ ವಿಷಯ. ಮನೆಗೆ ಕೂಡಿಟ್ಟ ಹಣವನ್ನೇ ಮೀನಿಗೆ ಹಾಕುವುದು ಎಂದಳು.

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ಮನಿ ದುಡ್ಡ್ ಮೀನಿಗ್ ಹಾಕುದಾ? ಮಳಿ ಬಂದ್ರೆ?"

"ಮೀನಿಂದ್ಲೇ ಬಂದ ದುಡ್ಡ್ ಅಲ್ದನೆ? ಒಂದ್ಸಲ ಅಬ್ಬಿ ಮನಿಗ್ ಹೋಯ್ ಬರ್ಲಿ ಬಿಡ್" ಎಂದಳು ಅಮ್ಮ. ಅಬ್ಬಿ ಎಂದರೆ ತಾಯಿ; ಹಣ ಒಮ್ಮೆ ತವರಿಗೆ ಹೋಗಿ ಬರಲಿ ಎಂದು.

ಅಪ್ಪಯ್ಯ ಸುಮ್ಮನೆ ನನ್ನ ತಟ್ಟೆಗೆ ತಮ್ಮ ಮೀನಿನ ತುಂಡು ಹಾಕಿದರು. ಅವರ ಒಪ್ಪಿಗೆ ಹಾಗೇ ಇರುತ್ತಿತ್ತು.

ಜಾಗದ ವಿಷಯಕ್ಕೆ ಬಿಡಾರದ ಯಜಮಾನರನ್ನು ಕೇಳಿದರೆ, "ನನ್ನ ಮಾಡಿನ್ ಹತ್ರ ಮೀನ್ ಹರಡಿರೆ ಉಳ್ದ ಬಿಡಾರದವ್ರ್ ಓಡಿ ಹೋತ್ರ್" ಎಂದು ಕೈ ಆಡಿಸಿಬಿಟ್ಟರು. ಅದು ಪದ್ದಕ್ಕನ ಕಿವಿಗೆ ಬಿತ್ತು. "ನನ್ನಂಗಳ ಖಾಲಿ ಬಿದ್ದಿತ್ತಲೆ. ನಾಳೆ ನಿಂದೇ ಆಪ್ ಜಾಗ. ಹರಡ್. ಆದ್ರೆ ದಿನಾ ಒಂದ್ ಮುಷ್ಟಿ ನಂಗೆ. ಉಪ್ಪ್ ಸರಿ ಇತ್ತಾ ಕಾಂಬುಕೆ."

ಹಾಗೆ, ನಮ್ಮದಲ್ಲದ ಮನೆಯ ಅಂಗಳಕ್ಕೆ ನಾವು ಮೀನು ಹೊತ್ತು ಹೋದೆವು.

ಅಬ್ಬಾ, ಆ ದಿನಗಳು! ಅಮ್ಮ ಬಂದರಿನಿಂದ ರಿಕ್ಷಾದಲ್ಲಿ ಮೀನು ತಂದು ಇಳಿಸುವಾಗ ನಾನೂ ಅಕ್ಕನೂ ಅಂಗಳ ಗುಡಿಸಿ, ಸಗಣಿ ಸಾರಿಸಿ, ತೆಂಗಿನ ಮಡಲು ಹಾಸಿ, ಅದರ ಮೇಲೆ ಅಪ್ಪಯ್ಯನ ಹಳೇ ಬಲೆ ಬಿಡಿಸಿಟ್ಟು ಕಾಯುತ್ತಿದ್ದೆವು. ಬೈಗೆ ಮೀನಿಗೆ ಹೊಟ್ಟೆ ಸೀಳಿ ಕಲ್ಲುಪ್ಪು. ಚಟ್ಲಿಗೆ ಬರೀ ಬಿಸಿಲು. ಬೆಳಿಗ್ಗೆ ಹರಡುವಾಗ ಚಟ್ಲಿ ಗಾಜಿನ ಹಾಗೆ ಬೆಳ್ಳಗೆ, ಮಧ್ಯಾಹ್ನಕ್ಕೆ ಹಳದಿ, ಸಂಜೆಗೆ ನಸುಗೆಂಪು. ಕಾಲಿನಿಂದ ಮೆಲ್ಲಗೆ ಸವರಿದರೆ ಒಣ ಎಲೆಯ ಹಾಗೆ ಸರಸರ ಸದ್ದು. ಆ ಸದ್ದು ಬಂದರೆ ಅಮ್ಮನ ಮುಖ ಅರಳುತ್ತಿತ್ತು.

ಕಾಗೆ ಕಾಯುವುದು ನಮ್ಮ ಕೆಲಸ. ಪದ್ದಕ್ಕನ ಗೇರುಮರದ ಮೇಲೆ ಕಾಗೆಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ಕೂರುತ್ತಿದ್ದವು. ಅವುಗಳಲ್ಲಿ ಕತ್ತು ಹೆಚ್ಚೇ ಬೂದಿ ಬಣ್ಣವಾಗಿದ್ದ ಒಂದಕ್ಕೆ ಅಕ್ಕ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಅದು ಮೊದಲು ಹಾರಿ ಬಂದರೆ ಉಳಿದವೆಲ್ಲ ಬರುತ್ತಿದ್ದವು.

"ಮೇಷ್ಟ್ರೇ, ಇವತ್ತ್ ರಜೆ! ಮನಿಗ್ ಹೋಯ್ನಿ!" ಎಂದು ಅಕ್ಕ ಕೋಲು ಬೀಸುತ್ತಿದ್ದಳು.

"ನಿಂಗೆ ಶಾಲೆಲಿ ಇಷ್ಟ್ ಬಾಯಿ ಇದ್ದಿದ್ರೆ ಲೆಕ್ಕದಲ್ಲ್ ಪಾಸ್ ಆತಿದ್ದೆ" ಎಂದು ಅಮ್ಮ ಅಲ್ಲಿಂದಲೇ.

ಕಾಗೆ ಇಲ್ಲದ ಹೊತ್ತಿಗೆ ನಮ್ಮ ಆಟ ಒಂದೇ. ಮನೆ ಹಂಚಿಕೊಳ್ಳುವುದು. ಕಿಟಕಿ ಇರುವ ಕೋಣೆ ನನ್ನದು ಎಂದು ನಾನು, ಹಿರಿಯಳು ನಾನು ಎಂದು ಅಕ್ಕ. ಕೊನೆಗೆ ಕುಂಟಾಬಿಲ್ಲೆ ಆಡಿ ಗೆದ್ದವರಿಗೆ ಕಿಟಕಿ ಎಂದಾಯಿತು. ಅಂಗಳದಲ್ಲಿ ಮೀನು ಇಲ್ಲದ ಮೂಲೆಯಲ್ಲಿ ಗೆರೆ ಎಳೆದು ಕುಂಟಿದ್ದೇ ಕುಂಟಿದ್ದು. ಕಿಟಕಿ ದಿನಕ್ಕೊಬ್ಬರ ಪಾಲಾಗುತ್ತಿತ್ತು. ಪದ್ದಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು, ಒಣಗಿದ ಚಟ್ಲಿಯ ತಲೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ, "ಹೆಣ್ಣ್ ಮಕ್ಳೇ, ಆ ಕಿಟ್ಕಿ ಬಾಗ್ಲ್ ಹಾಕುಕೆ ಆತಿಲ್ಲೆ. ಮಳಿಗಾಲಕ್ಕೆ ನೀರ್ ಒಳ್ಗ್ ಬತ್ತ್. ಗೆದ್ದವ್ರ್ ಒದ್ದಿ ಆತ್ರಿ" ಎನ್ನುತ್ತಿದ್ದರು. ನಮಗೆ ಒದ್ದೆಯಾಗುವುದೂ ಬೇಕಾಗಿತ್ತು. ನಮ್ಮದೇ ಕಿಟಕಿಯಿಂದ ಬಂದ ಮಳೆ ತಾನೆ.

ಮಧ್ಯಾಹ್ನ ಅಲ್ಲೇ ಗಂಜಿ. ಕೆಂಡದ ಮೇಲೆ ಸುಟ್ಟ ಚಟ್ಲಿ, ಕಾಯಿತುರಿ, ಒಣಮೆಣಸು, ಹುಣಸೆಹುಳಿ ಹಾಕಿ ಅಮ್ಮ ಕಲ್ಲಿನಲ್ಲಿ ಅರೆದ ಚಟ್ನಿ. ಅದರ ಖಾರಕ್ಕೆ ಮೂಗು ಸೋರುತ್ತಿತ್ತು. ಕೈ ತೊಳೆದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ. ಮಲಗುವಾಗ ನಾನು ಬೆರಳು ಮೂಗಿನ ಹತ್ತಿರ ಇಟ್ಟುಕೊಂಡು, ಮನೆಯ ವಾಸನೆ ಎಂದುಕೊಂಡು ನಿದ್ದೆ ಹೋಗುತ್ತಿದ್ದೆ.

ಒಣಗಿದ್ದನ್ನು ಗೋಣಿಗೆ ತುಂಬಿ ಜಗಲಿಯ ಮೂಲೆಯಲ್ಲಿ ಒಟ್ಟುತ್ತಿದ್ದೆವು. ಗೋಣಿಗಳ ಸಾಲು ಬೆಳೆದ ಹಾಗೆ ನಮಗೆ ಮನೆಯೇ ಬೆಳೆದಂತೆ ಅನಿಸುತ್ತಿತ್ತು.

ದಿನಾ ಸಂಜೆ ಅಮ್ಮ ಒಂದು ಕೆಲಸ ಮಾಡುತ್ತಿದ್ದಳು. ಅಂಗಳದ ನಡುವೆ ನಿಂತು, ಕಣ್ಣು ಮುಚ್ಚಿ, ಕಡಲಿಗೆ ಕಿವಿಗೊಡುವುದು. ನಮ್ಮ ಊರಿಗೆ ಕಡಲು ಕಾಣಿಸುವುದಿಲ್ಲ. ಆದರೆ ಬೇಸಿಗೆಯ ಸಂಜೆ ಗಾಳಿ ಬಿದ್ದಾಗ ಅದರ ಮೊರೆತ ಕೇಳಿಸುತ್ತದೆ. ಮೊರೆತ ಬಡಗಿನಿಂದ ಬಂದರೆ ನಾಳೆ ಬಿಸಿಲು, ತೆಂಕಿನಿಂದ ಬಂದರೆ ಮಳೆ. ಇದು ಅಮ್ಮನ ಅಪ್ಪ ಕಲಿಸಿದ್ದು, ಅವರಿಗೆ ಅವರಪ್ಪ. ತೆಂಕು ಮೊರೆದ ದಿನ ಅಂಗಳದ ಮೀನನ್ನೆಲ್ಲ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು. ಬಡಗು ಮೊರೆದ ದಿನ ಹರಡಿದ್ದನ್ನು ಹಾಗೇ ಬಿಟ್ಟು, ಮೇಲೊಂದು ಬಲೆ ಎಳೆದು ಬಿಡಾರಕ್ಕೆ ಹೋಗುತ್ತಿದ್ದೆವು. ರಾಶಿ ಮಾಡಿದರೆ ಮೀನು ಬೆವರುತ್ತದೆ, ರಾತ್ರಿಯ ಗಾಳಿ ತಾಗಿದರೆ ಗರಿಗರಿ ಆಗುತ್ತದೆ ಎಂದು.

ಆ ದಿನ ಅಂಗಳ ತುಂಬ ಚಟ್ಲಿ. ಬಂದರಿನಲ್ಲಿ ಹಿಂದಿನ ದಿನ ರಾಶಿ ಬಿದ್ದಿದ್ದಕ್ಕೆ ಅಮ್ಮ ಕೈಯಲ್ಲಿ ಉಳಿದ ಹಣವನ್ನೆಲ್ಲ ಅದಕ್ಕೆ ಸುರಿದಿದ್ದಳು. ಅದು ಮಾರಾಟವಾದರೆ ಮುಂಗಡ ಹೆಚ್ಚುಕಮ್ಮಿ ಮುಗಿದ ಹಾಗೆ. ಆಕಾಶದಲ್ಲಿ ಮೂಡಣದ ಕಡೆ ಸ್ವಲ್ಪ ಕಪ್ಪು ಇತ್ತು. ಅಮ್ಮ ನಿಂತು ಕಿವಿಗೊಟ್ಟಳು. ನಾವೂ ಉಸಿರು ಹಿಡಿದು ನಿಂತೆವು. ಗುಂ ಎಂದು ಒಂದೇ ಸಮನೆ ಮೊರೆತ.

"ಬಡಗು" ಎಂದಳು ಅಮ್ಮ. "ಮಳಿ ಇಲ್ಲೆ. ಬಿಡಿ, ಹಾಂಗೇ ಇರ್ಲಿ."

"ಮೂಡ್ ಬದಿ ಕಪ್ಪ್ ಕಾಂತಿತ್ತಲೆ" ಎಂದರು ಪದ್ದಕ್ಕ.

"ಕಣ್ಣ್ ಸುಳ್ಳ್ ಹೇಳ್ಗ್, ಕಡ್ಲ್ ಸುಳ್ಳ್ ಹೇಳ್ತಿಲ್ಲೆ ಪದ್ದಕ್ಕ."

ಬಿಡಾರಕ್ಕೆ ಬಂದು ಚಹಾಕ್ಕೆ ನೀರಿಟ್ಟಿದ್ದೆವು. ಮೊದಲು ಒಂದು ತಣ್ಣನೆ ಗಾಳಿ ಬಾಗಿಲು ದೂಡಿತು. ಆಮೇಲೆ ಮಣ್ಣಿನ ವಾಸನೆ. ಅಮ್ಮ ಚಹಾದ ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು ಓಡಿದಳು. ಅವಳ ಹಿಂದೆ ನಾವು. ಮಾಡಿನ ಮೇಲೆ ದಪ್ಪ ದಪ್ಪ ಹನಿ ಟಪಟಪ ಬೀಳತೊಡಗಿತ್ತು.

"ಹ್ವಾಯ್! ಮೀನ್ ಒದ್ದಿ ಆಯ್ತ್! ಬನಿಯೇ! ಯಾರಾರೂ ಬನಿ!"

ಅಮ್ಮನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಆಗಲೇ ಗೊತ್ತಾದದ್ದು. ಬಿಡಾರದ ಒಂದೊಂದು ಬಾಗಿಲೂ ತೆರೆಯಿತು. ಹೆಂಗಸರು ಕೈಗೆ ಸಿಕ್ಕಿದ ಬುಟ್ಟಿ, ಬಾಲ್ದಿ, ಮೊರ, ಮಗುವಿನ ಸ್ನಾನದ ಟಬ್ಬು ಹಿಡಿದು ಓಡಿ ಬಂದರು. ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾದವನು ಗಾಡಿ ನಿಲ್ಲಿಸಿ ಇಳಿದ. ಎಲ್ಲರ ಹಿಂದೆ ಬಿಡಾರದ ಯಜಮಾನರು, ಒಂದು ಕೈಯಲ್ಲಿ ಬಿಡಿಸಿದ ಕೊಡೆ, ಇನ್ನೊಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು.

"ಎಲ್ಲ್ ಹಾಕುದ್? ಜಗ್ಲಿ ತುಂಬಿತ್ತ್!" ಎಂದು ಅಕ್ಕ ಕೂಗಿದಳು.

ಪದ್ದಕ್ಕ ಮನೆಯ ಬಾಗಿಲನ್ನು ಎರಡೂ ಕಡೆ ತೆರೆದು ನಿಂತಿದ್ದರು. "ಒಳ್ಗ್ ಹಾಕಿ! ಮುಖ ಕಾಂತಾ ನಿಂತದ್ದ್ ಎಂತ? ಒಳ್ಗ್ ಹಾಕಿ ಅಂದೆ!"

ಚಟ್ಲಿ ಚಾವಡಿಗೆ, ಚಟ್ಲಿ ಕೋಣೆಗೆ, ಚಟ್ಲಿ ಪದ್ದಕ್ಕನ ಮಂಚಕ್ಕೆ. ಅಕ್ಕ ಅಟ್ಟ ಹತ್ತಿದಳು, ನಾನು ಕೆಳಗಿನಿಂದ ಬುಟ್ಟಿ ಕೊಟ್ಟೆ. ದೇವರ ಕೋಣೆಯ ಬಾಗಿಲನ್ನು ಮಾತ್ರ ಪದ್ದಕ್ಕ ಎಳೆದುಕೊಂಡರು. ಬಿಡಾರದ ಯಜಮಾನರು ಕೊಡೆ ಎಸೆದು, ಚಟ್ಲಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ನೀರು ಮುಖಕ್ಕೆ ಇಳಿಯುತ್ತಾ ಬಂದದ್ದನ್ನು ಕಂಡು ಅಮ್ಮ ಆ ಗಡಿಬಿಡಿಯಲ್ಲೂ ಬಿಡಲಿಲ್ಲ. "ಅಣ್ಣ, ವಾಸ್ನೆ ಹಿಡಿತ್ತ್, ಜಾಗ್ರತೆ!"

"ಬಾಯಿ ಮುಚ್ಚಿ ಬುಟ್ಟಿ ಹಿಡಿ ಮಾರಾಯ್ತಿ!" ಎಂದರು ಅವರು. ನಾವೆಲ್ಲ ಮಳೆಯಲ್ಲಿ ನಿಂತು ನಕ್ಕೆವು.

ಮಳೆ ಬಂದ ಹಾಗೇ ನಿಂತಿತು. ಆಗ ಕೇಳಿಸಿತು, ಅದೇ ಮೊರೆತ, ಬಡಗಿನಿಂದ. ರಿಕ್ಷಾದವನು ತಲೆ ಒರೆಸಿಕೊಳ್ಳುತ್ತಾ ಹೇಳಿದ, "ಹೈವೇ ತಿರುವಿನಲ್ಲ್ ಟ್ಯಾಂಕರ್ ಕೆಟ್ಟ್ ನಿಂತಿತ್ತ್. ಮಧ್ಯಾಹ್ನದಿಂದ ಲಾರಿ ಎಲ್ಲ ಇಂಜಿನ್ ಬಂದ್ ಮಾಡ್ದೆ ಸಾಲ್ ಹಿಡ್ದ್ ನಿಂತಿದೊ."

ಅಮ್ಮ ಅಂಗಳದಲ್ಲಿ ಹಾಗೇ ಕೂತುಬಿಟ್ಟಳು. ನಮ್ಮ ಬಿಡಾರಕ್ಕೆ ಹೆದ್ದಾರಿ ಇದ್ದದ್ದು ಮೂಡು ದಿಕ್ಕಿಗೆ. ಪದ್ದಕ್ಕನ ಮನೆಗೆ ಬಡಗಿಗೆ. ಅಜ್ಜ ಕಲಿಸಿದ್ದರಲ್ಲಿ ಲಾರಿಯ ಪಾಠ ಇರಲಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡೆ. ಒಂದು ಹಿಡಿ ಚಟ್ಲಿ ಎತ್ತಿ ಮೂಸಿ, ಎದ್ದು ನಿಂತಳು. "ಮ್ಯಾಲ್ ಮ್ಯಾಲೆ ಒದ್ದಿ ಆಯ್ದ್ ಅಷ್ಟೇ. ಪದ್ದಕ್ಕ, ಒಲಿ ಹೊತ್ಸುವ. ಕಾಯಿ ಸಿಪ್ಪಿ ಎಷ್ಟ್ ಇತ್ತ್?"

ಒಲೆಗೆ ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿದರು. ಬೆಂಕಿ ಬೇಡ, ಹೊಗೆ ಬೇಕು. ಒದ್ದೆಯಾದದ್ದನ್ನೆಲ್ಲ ಅಟ್ಟದ ಬಿದಿರಿನ ದಬ್ಬೆಗಳ ಮೇಲೆ ಹರಡಿದರು. ಮನೆಯ ಹೆಂಚಿನ ಸಂದಿಯಿಂದೆಲ್ಲ ಹೊಗೆ ಏಳುತ್ತಿತ್ತು. ನಾನೂ ಅಕ್ಕನೂ ಅವತ್ತು ಮೊದಲ ಸಲ ಆ ಮನೆಯಲ್ಲಿ ಮಲಗಿದೆವು, ಎರಡು ಚಟ್ಲಿ ಬುಟ್ಟಿಗಳ ನಡುವೆ. ಕಿಟಕಿ ಯಾರದ್ದು ಎಂದು ಜಗಳ ಮಾಡುವ ಮೊದಲೇ ನಿದ್ದೆ ಬಂತು.

ಬೆಳಿಗ್ಗೆ ರಿಕ್ಷಾದ ಸದ್ದಿಗೆ ಎಚ್ಚರವಾಯಿತು. ಬಿಳಿ ಅಂಗಿ, ಕೈಗೆ ಚಿನ್ನದ ಬಣ್ಣದ ಗಡಿಯಾರ, ಕಂಕುಳಲ್ಲಿ ಚರ್ಮದ ಚೀಲ. ಬೊಂಬಾಯಿ ಶೀನಣ್ಣ ಮನೆ ನೋಡಲು ಬಂದಿದ್ದರು. ಅಮ್ಮನ ಕೈ ಒಲೆಯ ಮುಂದೆ ಹಾಗೇ ನಿಂತಿತು. ಅಕ್ಕ ನನ್ನ ತೋಳು ಚಿವುಟಿದಳು.

"ಹ್ವಾಯ್ ಪದ್ದಕ್ಕ, ಎಂತ ಇದ್? ಮನಿಯಾ, ಬಂದರಾ?"

"ಬಾ ಶೀನ. ಕಾಲ್ ಇಡುಕೆ ಜಾಗ ಸಿಕ್ಕಿರೆ ಇಡ್."

ಅವರು ಹೊಸ್ತಿಲು ದಾಟಿ ನಿಂತರು. ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ ಎಂದು ನಾನು ಕಾದೆ. ಅವರು ತಲೆ ಎತ್ತಿ, ಕಣ್ಣು ಸಣ್ಣ ಮಾಡಿ, ಉದ್ದಕ್ಕೆ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

"ಹೊಗಿ ಹಿಡ್ದ ಚಟ್ಲಿ ಅಲ್ದಾ ಇದ್?" ದನಿಯೇ ಬೇರೆಯಾಗಿತ್ತು. "ನನ್ನಬ್ಬಿ ಅಟ್ಟದ ಮ್ಯಾಲ್ ಇಡ್ತಿದ್ಳ್. ಬೊಂಬಾಯಂಗೆ ಎಷ್ಟ್ ಪೈಸಾ ಕೊಟ್ರೂ ಸಿಕ್ತಿಲ್ಲೆ."

"ಗಂಜಿ ಇತ್ತ್. ಕೂಕಣಿ" ಎಂದಳು ಅಮ್ಮ. ಮನೆಗೆ ಬಂದವರಿಗೆ ಹೇಳುವ ಮಾತು ಅದು, ಬಾಯಿಗೆ ತಾನೇ ಬಂದಿರಬೇಕು. ಅದು ಅವಳ ಮನೆ ಆಗಿರಲಿಲ್ಲ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ಬಿಳಿ ಅಂಗಿಯ ಶೀನಣ್ಣ ಚಟ್ಲಿ ರಾಶಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಚಟ್ನಿ ಕಲಸಿ ಗಂಜಿ ಸುರಿದರು. ಎರಡನೇ ಸಲ ಹಾಕಿಸಿಕೊಂಡರು. ಮೂಗು ಒರೆಸಿಕೊಂಡರು. ಕೈ ತೊಳೆದು ಬಂದು, "ಬೋಲೋ, ಇದಕ್ಕೆಲ್ಲ ಎಷ್ಟ್?" ಎಂದರು.

"ಎಲ್ಲದಕ್ಕಾ?"

"ಕ್ಯಾಂಟೀನಿಗ್ ಬಪ್ಪರ್ ಎಲ್ಲ ನಮ್ಮೂರವ್ರೇ. ವಾಸ್ನೆ ಬಂದ್ರೆ ಸಾಕ್, ಸಾಲ್ ನಿಲ್ತ್ರ್."

ಅಮ್ಮ ಒಂದು ರೇಟು ಹೇಳಿದಳು. ಶೀನಣ್ಣ ಹುಬ್ಬೇರಿಸಿದರು. "ಬಿಸ್ಲಂಗ್ ಒಣ್ಗಿದ್ದಕ್ಕಿಂತ ಜಾಸ್ತಿ ಹೇಳ್ತ್ಯಲೆ!"

"ಬಿಸಿಲ್ ಪುಕ್ಸಟ್ಟೆ. ಹೊಗಿಗೆ ಕಣ್ಣೀರ್ ಖರ್ಚಾಯ್ತ್" ಎಂದಳು ಅಮ್ಮ.

ಅವರು ಗಟ್ಟಿಯಾಗಿ ನಕ್ಕು ಚರ್ಮದ ಚೀಲ ತೆರೆದರು. ನೋಟು ಎಣಿಸುತ್ತಾ ಕೇಳಿದರು, "ಅಲ್ಲ, ನಿಂಗ್ ಎಂತಕ್ಕೆ ಇಷ್ಟ್ ಮೀನ್ ಒಣ್ಗ್ಸುಕೆ ಹೊರ್ಟದ್ದ್?"

"ಅಡ್ವಾನ್ಸಿಗೆ."

"ಯಾವ್ದರ ಅಡ್ವಾನ್ಸ್?"

ಅಮ್ಮ ಒಲೆಯ ಸಿಪ್ಪೆ ಸರಿಮಾಡತೊಡಗಿದಳು. ಪದ್ದಕ್ಕನಿಗೆ ನಗು ತಡೆಯಲಾಗಲಿಲ್ಲ. "ಈ ಮನಿದೇ, ಮಾರಾಯ! ನೀ ಕಾಂಬುಕ್ ಬಂದ ಮನಿದೇ!"

ಶೀನಣ್ಣನ ಕೈಯಲ್ಲಿ ನೋಟು ಹಾಗೇ ನಿಂತಿತು. ಅವರು ಒಂದು ಸಲ ಮೇಲೆ ಅಟ್ಟ ನೋಡಿದರು. ಕೋಣೆಯ ಬಾಗಿಲಿನಿಂದ ಕಾಣುವ ಮಂಚದ ಮೇಲಿನ ರಾಶಿ ನೋಡಿದರು. ಕೂದಲಲ್ಲಿ ಚಟ್ಲಿಯ ಮೀಸೆ ಸಿಕ್ಕಿಸಿಕೊಂಡು ನಿಂತಿದ್ದ ನಮ್ಮಿಬ್ಬರನ್ನು ನೋಡಿದರು.

"ನಾ ಮನಿ ಕಾಂಬುಕ್ ಬಂದದ್ದ್ ಹೌದ್" ಎಂದರು. "ಆದ್ರೆ ಇಲ್ಲ್ ಒಕ್ಕಲ್ ಆಯ್ತಲೆ! ಒಕ್ಕಲಾದ ಮನಿಗೆ ನಾ ಎಂತ ಅಡ್ವಾನ್ಸ್ ಕೊಡುದ್?"

ಒಕ್ಕಲು ಎಂದರೆ ನಮ್ಮಲ್ಲಿ ಹಾಲು ಉಕ್ಕಿಸಿ ಹೊಸ ಮನೆ ಹೊಕ್ಕುವುದು. ನಮ್ಮದು ಹಾಲು ಉಕ್ಕುವ ಮೊದಲೇ ಮೀನು ಹೊಕ್ಕ ಮನೆಯಾಯಿತು. ಶೀನಣ್ಣ ಉಳಿದ ನೋಟನ್ನೂ ಎಣಿಸಿ ಅಮ್ಮನ ಕೈಗಿಟ್ಟರು. ರಿಕ್ಷಾ ಹತ್ತುವಾಗ ತಿರುಗಿ, "ಬಪ್ಪ್ ವರ್ಷ ಪಾರ್ಸೆಲ್ ಕಳ್ಸ್ಕ್. ಮರಿಬೇಡ. ಇಲ್ದಿರೆ ಮನಿ ವಾಪಾಸ್!" ಎಂದು ಕೂಗಿದರು. ಆಮೇಲೆ ಅಮ್ಮ ಎಷ್ಟೋ ವರ್ಷ ಮೇ ತಿಂಗಳಲ್ಲಿ ಬೊಂಬಾಯಿ ಬಸ್ಸಿಗೆ ಒಂದು ಡಬ್ಬ ಕಳಿಸುತ್ತಿದ್ದಳು. ಅವರ ದೊಡ್ಡ ಮನಸ್ಸನ್ನು ಅಪ್ಪಯ್ಯ ಹೊಗಳಿದರೆ, "ಮನ್ಸ್ ದೊಡ್ಡದೋ ಗೊತ್ತಿಲ್ಲೆ. ಹೊಟ್ಟಿ ತುಂಬಿತ್ತ್ ಅವ್ರದ್ದ್" ಎನ್ನುತ್ತಿದ್ದಳು.

ಜಗಲಿಯಲ್ಲಿ ಒಟ್ಟಿದ್ದ ಬಿಸಿಲಿನ ಮೀನಿನ ಗೋಣಿಗಳನ್ನು ಬಸ್ಸಿನ ಮಾಡಿಗೆ ಹಾಕಿ ಕೆರಾಡಿಗೆ ಹೋದೆವು. ಅಪ್ಪಯ್ಯ ಬೋಟು ದಡಕ್ಕೆ ಎಳೆದು ತಮ್ಮ ಪಾಲು ತಂದರು. ಒಂದು ಬೆಳಿಗ್ಗೆ ಪದ್ದಕ್ಕನ ಜಗಲಿಯಲ್ಲಿ ಅಮ್ಮ ವೀಳ್ಯದೆಲೆ, ಅಡಿಕೆಯ ಮೇಲೆ ಮುಂಗಡ ಇಟ್ಟಳು.

"ಮಳಿ ಮೊನ್ನೆಯೇ ಬಂತಲೆ ಗಿರ್ಜಾ. ನಿನ್ನ್ ವಾಯ್ದೆ ಮುಗಿತಲೆ" ಎಂದರು ಪದ್ದಕ್ಕ ಗಂಭೀರವಾಗಿ.

ಅಮ್ಮನ ಮುಖ ಬಿಳಿಚಿತು.

"ಅದ್ ಮಳಿಯನೆ? ಅದ್ ನಿನ್ನ ಮೀನಿಗ್ ಒಳ್ಗ್ ಬಪ್ಪುಕ್ ಬಂದ ಕರೆಯೋಲೆ" ಎಂದು ನಕ್ಕು, ಅದರಿಂದ ಒಂದು ನೋಟು ತೆಗೆದು ನನ್ನ ಕೈಗೆ ಕೊಟ್ಟರು. "ಒಕ್ಕಲಿನ್ ಹಾಲಿಗೆ ಇದ್."

ಅದಾಗಿ ವಾರ ಕಳೆಯುವುದರೊಳಗೆ ನಿಜವಾದ ಮಳೆ ಹಿಡಿಯಿತು. ಆ ವರ್ಷದ ದೀಪಾವಳಿಗೆ ಮೊದಲು ಹಾಲು ಉಕ್ಕಿಸಿದೆವು. ಉಕ್ಕಿದ ಹಾಲಿನ ವಾಸನೆಯೂ ಅಟ್ಟದ ಚಟ್ಲಿಯ ವಾಸನೆಗೆ ಸೋತಿತು. ಕಿಟಕಿ ಅಕ್ಕನಿಗೆ ಹೋಯಿತು.

ಈಗ ಆ ಮನೆಯಲ್ಲಿ ಅಕ್ಕನ ಸಂಸಾರ ಇದೆ. ಅಪ್ಪಯ್ಯ ಜಗಲಿಯಲ್ಲಿ ಕೂರುತ್ತಾರೆ. ನಾನು ಬ್ರಹ್ಮಾವರದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬಾಡಿಗೆ ಮನೆ. ನಾವೂ ಮುಂಗಡಕ್ಕೆ ಕೂಡಿಡುತ್ತಿದ್ದೇವೆ. ನಾವು ಹತ್ತಿರ ಹೋದ ಹಾಗೆ ಜಾಗದ ಸೆಂಟ್ಸಿನ ರೇಟು ದೂರ ಹೋಗುತ್ತದೆ. ಮೊನ್ನೆ ಅಂತೂ ಒಂದು ಸಣ್ಣ ಜಾಗಕ್ಕೆ ಸಾಲುವಷ್ಟು ಆಯಿತು. ನನ್ನ ಗಂಡ ಮೊಬೈಲಿನಲ್ಲಿ ಹಣ ಕಳಿಸಿದರು. ಠಣ್ ಎಂದು ಒಂದು ಸದ್ದು, ಅಷ್ಟೇ. ಎಲೆ ಇಲ್ಲ, ಅಡಿಕೆ ಇಲ್ಲ, ಮಾರಿದವರ ಮುಖವನ್ನು ನಾನು ಇನ್ನೂ ನೋಡಿಲ್ಲ. ಆದರೂ ಕುಣಿಯುವಷ್ಟು ಖುಷಿಯಾಯಿತು. ಫೋನು ಕೈಗೆತ್ತಿಕೊಂಡು ಅಮ್ಮನ ನಂಬರು ಒತ್ತಿದ ಮೇಲೆ ನೆನಪಾಯಿತು.

ಆ ಭಾನುವಾರ ಹೆಮ್ಮಾಡಿಗೆ ಹೋದೆ. ಅಕ್ಕ ಅಮ್ಮನ ಸೀರೆಗಳನ್ನೆಲ್ಲ ಒಗೆದು, ಯಾರಿಗಾದರೂ ಕೊಡೋಣ ಎಂದು ಅಂಗಳದ ತಂತಿಗೆ ಹಾಕಿದ್ದಳು. ಸಂಜೆ ಮೂಡು ಬದಿಗೆ ಕಪ್ಪು ಕಟ್ಟಿತ್ತು. ನಾನು ಅಂಗಳದ ನಡುವೆ ನಿಂತು ಕಣ್ಣು ಮುಚ್ಚಿದೆ. ಹೆದ್ದಾರಿ ಈಗ ಅಗಲವಾಗಿದೆ. ಲಾರಿಗಳ ಸದ್ದು ಹಗಲೂ ರಾತ್ರಿಯೂ ನಿಲ್ಲುವುದಿಲ್ಲ. ಅದರ ಹಿಂದೆ ಎಲ್ಲೋ ಕಡಲು ಇದೆ. ಎಷ್ಟು ಕಿವಿಗೊಟ್ಟರೂ ಸಿಗಲಿಲ್ಲ.

"ಎಂತ ಕೇಂತಿತ್ತ್?" ಎಂದಳು ಅಕ್ಕ ಬಾಗಿಲಿನಿಂದ.

"ಬಡಗು" ಎಂದೆ.

ಅವಳು ತಂತಿಯ ಮೇಲಿನ ಸೀರೆಗಳತ್ತ ನೋಡಿದಳು. "ಹಾಂಗಾರೆ ಮಳಿ ಇಲ್ಲೆ. ಹಾಂಗೇ ಇರ್ಲಿ" ಎಂದಳು, ಥೇಟ್ ಅಮ್ಮನ ಹಾಗೆ.

ಅದು ಲಾರಿ ಎಂದು ಇಬ್ಬರಿಗೂ ಗೊತ್ತಿತ್ತು. ಸೀರೆ ತೆಗೆಯಲಿಲ್ಲ.

ಚಹಾ ಕುಡಿಯುತ್ತಿರುವಾಗ ಹನಿ ಬಿತ್ತು. ಇಬ್ಬರೂ ಒಟ್ಟಿಗೇ ಓಡಿದೆವು. "ಹ್ವಾಯ್, ಒದ್ದಿ ಆಯ್ತ್, ಬನಿಯೇ!" ಎಂದು ಅಕ್ಕ ನಗುತ್ತಾ ಕೂಗಿದಳು. ಸುತ್ತಲೂ ಕಾಂಪೌಂಡು ಗೋಡೆಗಳು, ಗೇಟುಗಳು, ಒಳಗೆ ಟಿವಿಯ ಬೆಳಕು. ಒಂದು ಬಾಗಿಲೂ ತೆರೆಯಲಿಲ್ಲ. ಒದ್ದೆ ಸೀರೆಗಳನ್ನು ಎದೆಗೆ ಒತ್ತಿಕೊಂಡು ನಾವಿಬ್ಬರೇ ಒಳಗೆ ಬಂದೆವು, ಒಂದೊಂದಾಗಿ ಹಿಂಡಿ ಅಟ್ಟದ ಕೆಳಗೆ ಹರಡಿದೆವು. ಕೊಡುವ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.